ಹೊಳೆದಂಡೆಯ ಲೈಫ್‌ಬೋಟ್ ಎಂಜಿನ್

ಗಂಗಾವತಿ ತಾಲ್ಲೂಕಿನಲ್ಲಿ ತುಂಗಭದ್ರೆಯ ಎಡದಂಡೆಗೆ ಹತ್ತಿಕೊಂಡ ಒಂದು ಬಾಳೆ ತೋಟದಲ್ಲಿ ಹಡಗಿನ ಎಂಜಿನ್ ಇದೆ. ಸಮುದ್ರ ಇಲ್ಲಿಂದ ಎಷ್ಟು ದೂರ ಎಂದು ನಗಬೇಡಿ. ಗುಜರಾತಿನ ಅಲಂಗ್ ಕಡಲತೀರದಲ್ಲಿ 1983ರಿಂದ ಹಳೆಯ ಹಡಗುಗಳನ್ನು ಒಡೆಯುತ್ತಾರೆ. ಹೊರಮೈಯ ಕಬ್ಬಿಣ ಕುಲುಮೆಗೆ ಹೋದರೂ ಕುರ್ಚಿ, ಬಾಗಿಲು, ಪಂಪು, ಮುಳುಗುವ ಹಡಗಿನಿಂದ ಜನ ಪಾರಾಗುವ ದೋಣಿಯಾದ ಲೈಫ್‌ಬೋಟಿನ ಎಂಜಿನ್ ಇವೆಲ್ಲ ಅಲ್ಲಿನ ರಸ್ತೆಬದಿಯ ಅಂಗಡಿಗಳಿಗೆ ಬರುತ್ತವೆ. ಬಹಳ ಹಿಂದೆ ಯಂತ್ರದ ಸಾಮಾನು ತರಲು ರಾಜಕೋಟ್ ಕಡೆ ಹೋದ ಯಾರೋ ಇದನ್ನು ಲಾರಿಗೆ ಹಾಕಿಕೊಂಡು ಬಂದರು. ಕೈ ಬದಲಾಗುತ್ತ ಈ ತೋಟದ ಯಜಮಾನರಾದ ಕಾಕಾ ಅವರ ಹೊಳೆಯ ಪಂಪಿಗೆ ಬಂದು ಕೂತಿತು. ಎರಡು ಸಿಲಿಂಡರ್, ನೀರಿನಿಂದ ತಂಪಾಗುವಂಥದ್ದು, ಕೈಯಿಂದ ತಿರುಗಿಸಿ ಶುರುಮಾಡುವಂಥದ್ದು. ಹೆಸರಿನ ಫಲಕವನ್ನು ಯಾರೋ ಉಳಿಯಿಂದ ಕೆತ್ತಿ ತೆಗೆದಿದ್ದಾರೆ.

2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 33 ಕ್ರೆಸ್ಟ್ ಗೇಟುಗಳ ಪೈಕಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತಲ್ಲ, ಆಗ ಹೊಳೆಸಾಲಿನವರೆಲ್ಲ ಮೋಟಾರು ಪೈಪುಗಳನ್ನು ದಿಬ್ಬಕ್ಕೆ ಸಾಗಿಸಿದರು. ಕಾಕಾ ಅವರ ಮನೆಯವರೂ ಎಂಜಿನ್ನಿಗೆ ಸರಪಳಿ ಬಿಗಿದು ಟ್ರ್ಯಾಕ್ಟರಿನಿಂದ ಎಳೆದು ದನದ ಕೊಟ್ಟಿಗೆಯ ಪಕ್ಕ ನಿಲ್ಲಿಸಿದರು. ಹೊಗೆಕೊಳವೆ ಬಿಚ್ಚಿದ ಬಾಯಿ ಆಕಾಶಕ್ಕೆ ಮುಖಮಾಡಿತ್ತು. ಅದನ್ನು ಮುಚ್ಚಬೇಕೆಂದು ಆ ಗಡಿಬಿಡಿಯಲ್ಲಿ ಯಾರಿಗೆ ಹೊಳೆಯುತ್ತದೆ? ಅಲ್ಲಿಯೇ ಮಳೆಗಾಲ ಕಳೆಯಿತು.

ಎಂಜಿನ್ ರಿಪೇರಿ ಮಾಡುವ ನನ್ನನ್ನು ಕರೆಸಿದ್ದು ಬೇರೆ ಕೆಲಸಕ್ಕೆ. "ಇದಕ್ಕೊಂದು ಸೆಲ್ಫ್ ಕೂರಿಸಿ ಬ್ಯಾಟರಿ ಇಟ್ಟುಬಿಡು ತಮ್ಮಾ. ಹ್ಯಾಂಡಲ್ ಹೊಡೆಯುವ ವಯಸ್ಸು ನನ್ನದಲ್ಲ, ಹುಡುಗರಿಗೆ ರಟ್ಟೆ ಇಲ್ಲ" ಎಂದರು ಕಾಕಾ. ಎಳೆದು ತರುವ ಮೊದಲೂ ಚಳಿಗಾಲದಲ್ಲಿ ಇದು ಹೊತ್ತಿಕೊಳ್ಳಲು ಸತಾಯಿಸುತ್ತಿತ್ತಂತೆ. ನಾಲ್ಕು ಜನ ಸರದಿಯಲ್ಲಿ ಬೆವರು ಸುರಿಸಬೇಕಿತ್ತಂತೆ.

ಸೆಲ್ಫ್ ಬೇಡವೆಂದು ನಾನು ಹೇಳಲಿಲ್ಲ. ಮೊದಲು ಕೈಯಿಂದ ಶುರುವಾಗಲಿ, ಆಮೇಲೆ ನೋಡೋಣ ಎಂದೆ. ಇದಕ್ಕೆ ಕಾರಣವಿದೆ. ಸೆಲ್ಫ್ ಮೋಟಾರು ಎಂಜಿನ್ನಿನ ರೋಗವನ್ನು ಮುಚ್ಚಿಡುತ್ತದೆ. ವಾಲ್ವ್ ಸೋರುತ್ತಿದ್ದರೂ ಪಿಸ್ಟನ್ ಸುತ್ತಲಿನ ರಿಂಗು ಸವೆದಿದ್ದರೂ ಅದು ಗರಗರ ತಿರುಗಿಸಿ ಹೇಗೋ ಹೊತ್ತಿಸುತ್ತದೆ. ಒಂದು ದಿನ ಬ್ಯಾಟರಿ ಕೈಕೊಟ್ಟಾಗ ಎಲ್ಲ ರೋಗಗಳೂ ಒಟ್ಟಿಗೆ ಹೊರಬೀಳುತ್ತವೆ. ವರ್ಷದಲ್ಲಿ ಕೆಲವೇ ವಾರ ಓಡುವ ಎಂಜಿನ್ನಿನಲ್ಲಿ ಬ್ಯಾಟರಿಯಷ್ಟು ನಂಬಿಕೆಗೆ ಅರ್ಹವಲ್ಲದ ಭಾಗ ಮತ್ತೊಂದಿಲ್ಲ. ಕಾಲುವೆ ನಿಂತು, ಕರೆಂಟೂ ಇಲ್ಲದೆ, ಬಾಳೆ ಎಲೆ ಒಣಗತೊಡಗಿದಾಗ ತಾನೇ ಈ ಎಂಜಿನ್ ನೆನಪಾಗುವುದು! ಆ ಹೊತ್ತಿಗೆ ಬ್ಯಾಟರಿ ಸತ್ತಿರುತ್ತದೆ. ಒಂದು ಕಡೆ ಕುಡತಿನಿ, ಇನ್ನೊಂದು ಕಡೆ ಶಕ್ತಿನಗರ, ಎರಡೂ ಕಡೆ 1,700 ಮೆಗಾವ್ಯಾಟ್‌ಗೆ ಕಡಿಮೆಯಿಲ್ಲದ ಶಾಖೋತ್ಪನ್ನ ಸ್ಥಾವರಗಳು. ನಡುವೆ ಇರುವ ನಾವು ಹ್ಯಾಂಡಲ್ ಬಗ್ಗೆ ಮಾತಾಡುತ್ತಿದ್ದೇವೆ. ಇರಲಿ.

ಇನ್ನೊಂದು ಮಾತು. ಲೈಫ್‌ಬೋಟಿನ ಎಂಜಿನ್ ಎಂದರೆ ಕಠಿಣ ನಿಯಮಕ್ಕೆ ಒಳಪಟ್ಟ ವಸ್ತು. ಹಡಗು ಮುಳುಗುವಾಗ ಅದರಲ್ಲಿ ಕರೆಂಟ್ ಇರುವುದಿಲ್ಲ. ಹಾಗಾಗಿ ಕೈಯಿಂದ ಶುರುಮಾಡುವ ವ್ಯವಸ್ಥೆ ಇರಬೇಕು, ಇಲ್ಲವೇ ಒಂದನ್ನೊಂದು ನೆಚ್ಚಿಕೊಳ್ಳದ ಎರಡು ಶಕ್ತಿಮೂಲಗಳು ಇರಬೇಕು. ಮೈನಸ್ 15 ಡಿಗ್ರಿ ಚಳಿಯಲ್ಲಿಯೂ ಎರಡು ನಿಮಿಷದೊಳಗೆ ಎಂಜಿನ್ ಹೊತ್ತಿಕೊಳ್ಳಬೇಕು ಎನ್ನುತ್ತದೆ ಈಗಿನ ಅಂತಾರಾಷ್ಟ್ರೀಯ ನಿಯಮ. ಈ ಜಾತಿಯ ಎಂಜಿನ್ ಗಂಗಾವತಿಯ ಜನವರಿಯಲ್ಲಿ, ಪ್ಲಸ್ 15 ಡಿಗ್ರಿಯಲ್ಲಿ ಹಟ ಹಿಡಿಯುತ್ತದೆ ಎಂದರೆ ತಪ್ಪು ಚಳಿಯದೂ ಅಲ್ಲ, ಹುಡುಗರ ರಟ್ಟೆಯದೂ ಅಲ್ಲ.

ತಿರುಗಿಸುವ ಮೊದಲು

ಹೊರಗೆ ನಿಂತಿದ್ದ ಎಂಜಿನ್ನಿಗೆ ಬಂದ ಕೂಡಲೇ ಹ್ಯಾಂಡಲ್ ಹಾಕುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಒತ್ತಿದರೆ ಗಾಳಿ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಪಿಸ್ಟನ್ ಮೇಲೆ ಒಂದು ಬಟ್ಟಲು ನೀರಿದ್ದರೆ, ಜೋರಾಗಿ ತಿರುಗಿಸಿದಾಗ ಪಿಸ್ಟನ್ನನ್ನು ಕೆಳಗಿನಿಂದ ತಳ್ಳುವ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಮೊದಲು ಡೀಸೆಲ್ ಸಿಂಪಡಿಸುವ ನಾಜಲ್ ಎರಡನ್ನೂ ಬಿಚ್ಚಿದೆ. ಮುಂದಿನ ಸಿಲಿಂಡರಿನ ತೂತಿಗೆ ತೆಳು ಕೊಳವೆ ಇಳಿಸಿ ಸಿರಿಂಜಿನಲ್ಲಿ ಎಳೆದರೆ ಕೆಂಪಗಿನ ನೀರು ಬಂತು. ಹಿಂದಿನದು ಒಣಗಿತ್ತು, ಆದರೆ ತುಕ್ಕು ಹಿಡಿದು ಪಿಸ್ಟನ್ ಅಲುಗಲಿಲ್ಲ.

ಕಚ್ಚಿಕೊಂಡ ಪಿಸ್ಟನ್ನಿಗೆ ಸುತ್ತಿಗೆ ಔಷಧವಲ್ಲ. ಡೀಸೆಲ್ ಮತ್ತು ಗೇರ್ ಆಯಿಲ್ ಬೆರೆಸಿ ಎರಡೂ ತೂತಿಗೆ ಸುರಿದು ಬಿಟ್ಟೆವು. ಆಗಾಗ ಎಂಜಿನ್ನಿನ ಭಾರದ ಚಕ್ರವಾದ ಫ್ಲೈವೀಲಿನ ತೂತಿಗೆ ಹಾರೆ ಕೊಟ್ಟು ಆ ಕಡೆ ಈ ಕಡೆ ತೂಗುವುದು, ಮತ್ತೆ ಬಿಡುವುದು. ಒಂದು ಸಂಜೆ ಕೂದಲೆಳೆಯಷ್ಟು ಅಲುಗಿತು. ಅಲುಗಿದ ಮೇಲೆ ಆತುರಪಡದೆ ಬಂದಷ್ಟು ಬಂದು, ಹಿಂದಕ್ಕೆ ಹೋಗಿ, ಮತ್ತೆ ಮುಂದಕ್ಕೆ ಬಂದರೆ ತುಕ್ಕು ಪುಡಿಯಾಗಿ ಎಣ್ಣೆಯಲ್ಲಿ ಬೆರೆಯುತ್ತದೆ. ಪೂರ್ತಿ ಒಂದು ಸುತ್ತು ಬಂದ ಮೇಲೆ ಸಂಪಿನ, ಅಂದರೆ ಎಂಜಿನ್ ತಳದ ತೊಟ್ಟಿಯ, ಆಯಿಲ್ ಇಳಿಸಿದೆವು. ಮೊದಲು ನೀರು, ಆಮೇಲೆ ಬೂದು ಬಣ್ಣದ ಲೋಳೆ, ಕೊನೆಗೆ ಆಯಿಲ್ ಬಂತು.

ಈಗ ಹ್ಯಾಂಡಲ್ ಹಾಕಿ, ನಾಜಲ್ ಮರಳಿ ಕೂರಿಸಿ, ಒತ್ತಡ ಎಷ್ಟು ಹಿಡಿಯುತ್ತದೆ ಎಂದು ನೋಡುವ ಸರದಿ. ಮೀಟರ್ ಬೇಕಿಲ್ಲ. ಒಳ್ಳೆಯ ಸಿಲಿಂಡರಿನ ಪಿಸ್ಟನ್ನನ್ನು ನಿಧಾನವಾಗಿ ಮೇಲಕ್ಕೆ ಒತ್ತಿ ಕೈಬಿಟ್ಟರೆ ಫ್ಲೈವೀಲ್ ಹಿಂದಕ್ಕೆ ಪುಟಿಯಬೇಕು. ಇದರಲ್ಲಿ ಪುಟಿತ ಇರಲಿಲ್ಲ. ಉಸ್ಸೆಂದು ಗಾಳಿ ಎಲ್ಲಿಗೋ ಹೋಗುತ್ತಿತ್ತು. ಎಲ್ಲಿಗೆ ಎಂದು ಕಿವಿಯೇ ಹೇಳುತ್ತದೆ. ಗಾಳಿ ಒಳಬರುವ ಕೊಳವೆಗೆ ಕಿವಿ ಕೊಟ್ಟಾಗ ಸದ್ದು ಬಂದರೆ ಇನ್‌ಲೆಟ್ ವಾಲ್ವ್, ಹೊಗೆಕೊಳವೆಯಲ್ಲಿ ಬಂದರೆ ಎಕ್ಸಾಸ್ಟ್ ವಾಲ್ವ್, ಆಯಿಲ್ ಸುರಿಯುವ ಬಾಯಿಯಲ್ಲಿ ಬಂದರೆ ರಿಂಗು. ಕಾಕಾ ಅವರ ಮಗ ಆಯಿಲ್ ಬಾಯಿಗೆ ಕಿವಿಯಿಟ್ಟು "ಇಲ್ಲಿ ಬರುತ್ತಿದೆ ಅಣ್ಣಾ" ಎಂದ. ನನಗೆ ಹೊಗೆಕೊಳವೆಯಲ್ಲೂ ಕೇಳಿಸುತ್ತಿತ್ತು. ಸಿಲಿಂಡರುಗಳ ಮೇಲಿನ ಮುಚ್ಚಳವಾದ ಹೆಡ್ ಬಿಚ್ಚದೆ ಗತಿಯಿರಲಿಲ್ಲ.

ಒಂದು ಮಿಲಿಮೀಟರಿನ ಪ್ಯಾಕಿಂಗ್

ಹೆಡ್ ಎತ್ತಿದಾಗ ಸಿಕ್ಕಿದ್ದು ನಿಜವಾದ ಅಪರಾಧಿ. ಹೆಡ್ಡಿನ ಅಡಿ ಸೋರದಂತೆ ಕೂರುವ ತಾಮ್ರದ ಮೂಲ ಪ್ಯಾಕಿಂಗಿನ ಕೆಳಗೆ ಹಾಳೆಯಿಂದ ಕತ್ತರಿಸಿದ ಇನ್ನೊಂದು ಪ್ಯಾಕಿಂಗ್ ಇತ್ತು. ಹಿಂದೊಮ್ಮೆ ನೀರು ಸೋರಿದಾಗ ಯಾರೋ ಹೆಡ್ ಸಮಮಾಡಿಸುವ ಖರ್ಚು ಉಳಿಸಿದ್ದರು. ದಪ್ಪ ಅಳೆದರೆ ಒಂದು ಮಿಲಿಮೀಟರ್. ಅಷ್ಟರಿಂದ ಏನಾಗುತ್ತದೆ ಎಂದು ಕಾಕಾ ಕೇಳಿದರು. ಏನಾಗುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ತೋರಿಸಬೇಕಾಯಿತು.

ನಮ್ಮ ಭಾಗದ ಹೊಲಗಳಲ್ಲಿ ಎಲ್ಲರೂ ನೋಡಿರುವ ಕಿರ್ಲೋಸ್ಕರ್ ಎವಿ1 ಎಂಜಿನ್ನನ್ನು ಉದಾಹರಣೆಗೆ ತೆಗೆದುಕೊಳ್ಳಿ. ಕಾಕಾ ಅವರ ಎಂಜಿನ್ನಿನ ಒಂದೊಂದು ಸಿಲಿಂಡರಿನ ಅಳತೆಯೂ ಅದರ ಆಸುಪಾಸಿನಲ್ಲಿಯೇ ಇದೆ. ಕಿರ್ಲೋಸ್ಕರಿನ ಬೋರ್, ಅಂದರೆ ಸಿಲಿಂಡರಿನ ಒಳ ಅಗಲ, 80 ಮಿಲಿಮೀಟರ್; ಸ್ಟ್ರೋಕ್, ಅಂದರೆ ಪಿಸ್ಟನ್ ಓಡುವ ದೂರ, 110; ಒಟ್ಟು 553 ಸಿಸಿ. ಒತ್ತುವ ಅನುಪಾತ 16.5ಕ್ಕೆ 1, ಅಂದರೆ ಒಳಗಿನ ಗಾಳಿಯನ್ನು 16.5 ಪಟ್ಟು ಕುಗ್ಗಿಸುತ್ತದೆ. ಪಿಸ್ಟನ್ ತುತ್ತತುದಿಗೆ ಹೋದಾಗ ಮೇಲೆ ಉಳಿಯುವ ಜಾಗ ಸುಮಾರು 36 ಸಿಸಿ ಮಾತ್ರ, ಒಂದು ಚಿಕ್ಕ ಟೀ ಲೋಟದ ಅರ್ಧ. ಬೋರಿನ ಮೇಲೆ ಒಂದು ಮಿಲಿಮೀಟರ್ ಎತ್ತರ ಹೆಚ್ಚಿದರೆ ಐದು ಸಿಸಿ ಜಾಗ ಹೆಚ್ಚಾಯಿತು. 36 ಇದ್ದದ್ದು 41 ಆಯಿತು. ಅನುಪಾತ 16.5ರಿಂದ 14.6ಕ್ಕೆ ಇಳಿಯಿತು. ಬಿಸಿ ಎಂಜಿನ್ ಇದನ್ನು ಸಹಿಸಿಕೊಳ್ಳುತ್ತದೆ; ಕೆಲಸ ಮಾಡುವಾಗ ಗೊತ್ತೂ ಆಗುವುದಿಲ್ಲ. ಚಳಿಯ ಬೆಳಿಗ್ಗೆ ಕೈಯಿಂದ ತಿರುಗಿಸುವಾಗ ಮಾತ್ರ ಅದರ ಬಡ್ಡಿ ಕಟ್ಟಬೇಕಾಗುತ್ತದೆ.

ಯಾಕೆಂದರೆ ಡೀಸೆಲ್ ಎಂಜಿನ್ನಿಗೆ ಕಿಡಿ ಇಲ್ಲ. ಗಾಳಿಯನ್ನು ಒತ್ತಿದಾಗ ಹುಟ್ಟುವ ಬಿಸಿಯೇ ಬೆಂಕಿ. 15 ಡಿಗ್ರಿಯ ಗಾಳಿಯನ್ನು ಒಂದಿಷ್ಟೂ ಸೋರದಂತೆ, ಬಿಸಿ ಗೋಡೆಗೆ ಹೋಗದಂತೆ 16.5 ಪಟ್ಟು ಒತ್ತಿದರೆ ಪುಸ್ತಕದ ಲೆಕ್ಕದಲ್ಲಿ ಅದು 600 ಡಿಗ್ರಿ ದಾಟುತ್ತದೆ. ಆದರೆ ಕೈಯಿಂದ ನಿಧಾನವಾಗಿ ತಿರುಗಿಸುವಾಗ ಗಾಳಿ ಸೋರಲು ಸಮಯ ಸಿಗುತ್ತದೆ, ಸಿಲಿಂಡರಿನ ತಣ್ಣಗಿನ ಒಳಗೋಡೆಗೆ, ಅಂದರೆ ಲೈನರಿಗೆ, ಬಿಸಿ ಕೊಡಲೂ ಸಮಯ ಸಿಗುತ್ತದೆ. ಸವೆದ ಎಂಜಿನ್ನಿನಲ್ಲಿ ಆ 600 ಅರ್ಧಕ್ಕೆ ಕುಸಿಯುವುದು ಕಷ್ಟವೇನಲ್ಲ. ಅಷ್ಟು ಬಿಸಿಯಲ್ಲಿ ಡೀಸೆಲ್ ಬಿಳಿ ಹೊಗೆಯಾಗಿ ಹೊರಗೆ ಹೋಗುತ್ತದೆ, ಹೊತ್ತಿಕೊಳ್ಳುವುದಿಲ್ಲ. ಕೈಯಿಂದ ಶುರುಮಾಡುವ ವಿದ್ಯೆಯೆಲ್ಲ ಇಷ್ಟೇ: ಗಾಳಿ ಸೋರಬಾರದು, ತಿರುಗುವಿಕೆ ನಿಧಾನವಾಗಬಾರದು, ಡೀಸೆಲ್ ಸರಿಯಾದ ಗಳಿಗೆಗೆ ಮಂಜಿನಂತೆ ಒಳಬರಬೇಕು.

ಕೈಯಿಂದ ಕತ್ತರಿಸಿದ ಪ್ಯಾಕಿಂಗ್ ಕಸಕ್ಕೆ ಹೋಯಿತು. ಹೆಡ್ಡನ್ನು ಗಂಗಾವತಿಯ ಲೇಥ್ ಅಂಗಡಿಯಲ್ಲಿ ಸಮಮಾಡಿಸಿದೆವು. ತಾಮ್ರದ ಪ್ಯಾಕಿಂಗನ್ನು ಬಿಸಾಡಬೇಕಿಲ್ಲ. ಒತ್ತಿ ಒತ್ತಿ ಗಟ್ಟಿಯಾದ ತಾಮ್ರವನ್ನು ಬ್ಲೋಲ್ಯಾಂಪಿನಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಮತ್ತೆ ಮೆತ್ತಗಾಗುತ್ತದೆ. ಉಕ್ಕಿಗೆ ಹಾಗೆ ಮಾಡಿದರೆ ಗಡುಸಾಗುತ್ತದೆ, ತಾಮ್ರದ ಸ್ವಭಾವ ಬೇರೆ. ಪಿಸ್ಟನ್ ಮೇಲೆ ಉಳಿಯುವ ಸಂದು ತಿಳಿಯಲು ಹೆಡ್ ತಾತ್ಕಾಲಿಕವಾಗಿ ಬಿಗಿದು, ನಾಜಲಿನ ತೂತಿನಿಂದ ಸೀಸದ ತಂತಿ ಇಳಿಸಿ, ಪಿಸ್ಟನ್ನಿಂದ ಒತ್ತಿಸಿ ಹೊರತೆಗೆದು ಅಳೆದೆ. ಎರಡೂ ಸಿಲಿಂಡರಿನಲ್ಲಿ ತಂತಿ ಒಂದೇ ದಪ್ಪಕ್ಕೆ ಚಪ್ಪಟೆಯಾಗಿತ್ತು. ಇಷ್ಟಾದ ಮೇಲೆ ಉಳಿದದ್ದರ ಬಗ್ಗೆ ಧೈರ್ಯ ಬಂತು.

ವಾಲ್ವ್, ರಿಂಗು, ಉಪ್ಪು

ವಾಲ್ವುಗಳ ಕೆಲಸ ಎಲ್ಲರಿಗೂ ಗೊತ್ತಿರುವುದೇ. ಗ್ರೈಂಡಿಂಗ್ ಪೇಸ್ಟ್ ಹಚ್ಚಿ, ರಬ್ಬರ್ ಬಟ್ಟಲಿನ ಕೋಲಿನಿಂದ ತಿಕ್ಕಿ, ಬೂದು ಬಣ್ಣದ ಒಂದೇ ಸಮದ ಬಳೆ ಮೂಡುವವರೆಗೆ ಕೂರಿಸಿದೆವು. ಆಮೇಲೆ ವಾಲ್ವಿನ ಹಿಂದಿನ ಗಾಳಿದಾರಿಯಾದ ಪೋರ್ಟಿಗೆ ಸೀಮೆಎಣ್ಣೆ ಸುರಿದು ನೋಡಬೇಕು. ತೊಟ್ಟಿಕ್ಕಿದರೆ ಮತ್ತೆ ತಿಕ್ಕಬೇಕು. ಈಗ ಸೀಮೆಎಣ್ಣೆ ಸಿಗುವುದೇ ಕಷ್ಟ, ಡೀಸೆಲ್ಲಿನಲ್ಲಿಯೂ ಆಗುತ್ತದೆ, ಸ್ವಲ್ಪ ಹೆಚ್ಚು ಹೊತ್ತು ಕಾಯಬೇಕು.

ರಿಂಗುಗಳು ತೋಡಿನೊಳಗೆ ಇದ್ದಿಲಿನಿಂದ ಅಂಟಿಕೊಂಡಿದ್ದವು. ಬಿಡಿಸಿದ ರಿಂಗನ್ನು ಲೈನರಿನೊಳಗೆ ಇಟ್ಟು ಬಾಯಿಯ ಸಂದು ಅಳೆದರೆ ಒಂದು ಮಿಲಿಮೀಟರಿಗೂ ಹೆಚ್ಚು. ಈ ಅಳತೆಯ ಬೋರಿಗೆ 0.3 ಮಿಲಿಮೀಟರ್ ಇದ್ದರೆ ಸರಿ. 80 ಬೋರಿನ ಹೊಸ ರಿಂಗುಗಳು ಹೊಸಪೇಟೆಯಲ್ಲಿ ಸಿಕ್ಕವು; ತೋಡಿನ ಅಗಲಕ್ಕೂ ಹೊಂದಿದವು. ಹಳೆಯ ರಿಂಗನ್ನು ಮುರಿದು ಅದರ ತುದಿಯಿಂದಲೇ ತೋಡಿನ ಇದ್ದಿಲು ಕೆರೆದೆವು. ಇದಕ್ಕಿಂತ ಒಳ್ಳೆಯ ಆಯುಧ ಅಂಗಡಿಯಲ್ಲಿ ಸಿಗುವುದಿಲ್ಲ. ಲೈನರ್ ಕನ್ನಡಿಯಂತೆ ನುಣುಪಾಗಿದ್ದರೆ ಹೊಸ ರಿಂಗು ಅದಕ್ಕೆ ಹೊಂದಿಕೊಳ್ಳುವುದಿಲ್ಲ. ಹಾಗಾಗಿ ಎಮರಿ ಹಾಳೆಯಿಂದ ಓರೆಗೆರೆ ಬೀಳುವಂತೆ ಉಜ್ಜಿ, ಆಮೇಲೆ ಪುಡಿ ಉಳಿಯದಂತೆ ಎಣ್ಣೆ ಬಟ್ಟೆಯಿಂದ ಮತ್ತೆ ಮತ್ತೆ ಒರೆಸಿದೆವು.

ಸಿಲಿಂಡರಿನ ಸುತ್ತ ತಂಪು ನೀರು ಓಡುವ ಜಾಕೆಟ್ಟಿನಲ್ಲಿ ಸಮುದ್ರದ ಗುರುತು ಇನ್ನೂ ಇತ್ತು. ನೇರವಾಗಿ ಕಡಲ ನೀರಿನಿಂದ ತಂಪಾಗುವ ಎಂಜಿನ್ನನ್ನು 60 ಡಿಗ್ರಿಯ ಆಸುಪಾಸಿನಲ್ಲಿಯೇ ಓಡಿಸುತ್ತಾರೆ, ಹೆಚ್ಚು ಬಿಸಿಯಾದರೆ ಉಪ್ಪು ಒಳಗೋಡೆಗೆ ಹಿಡಿಯುತ್ತದೆ. ಇದಕ್ಕೂ ಹಿಡಿದಿತ್ತು. ತಂತಿಯಿಂದ ಕೆದಕಿ, ನೀರು ಹರಿಸಿ ತೆಗೆದೆವು. ತನ್ನನ್ನು ತಿನ್ನಿಸಿಕೊಂಡು ಕಬ್ಬಿಣವನ್ನು ಉಳಿಸಲು ಕೂರಿಸಿದ್ದ ಸತುವಿನ ಕಡ್ಡಿ ಮೊಂಡಾಗಿತ್ತು. ಹೊಳೆಯ ಸಿಹಿನೀರಿನಲ್ಲಿ ಅದರ ಕೆಲಸ ಅಷ್ಟಕ್ಕಷ್ಟೇ ಎಂದು ಹಿತ್ತಾಳೆಯ ಪ್ಲಗ್ ಹಾಕಿದೆ.

ಡೀಸೆಲ್ ದಾರಿ

ನಾಜಲ್ ಎರಡನ್ನೂ ಎಂಜಿನ್ನಿನ ಡೀಸೆಲ್ ಪಂಪ್ ರಿಪೇರಿ ಮಾಡುವ ಅಂಗಡಿಯಲ್ಲಿ ಪರೀಕ್ಷಿಸಿದಾಗ ಒಂದು ಸಿಂಪಡಿಸುವ ಬದಲು ಜಿನುಗಿಸುತ್ತಿತ್ತು. ಈ ತರಹದ ನಾಜಲ್ 200 ಬಾರ್ ಹತ್ತಿರದ ಒತ್ತಡದಲ್ಲಿ ತೆರೆದು, ಚಕ್ಕನೆ ಮುಚ್ಚಬೇಕು. ಸೂಜಿ ಬದಲಿಸಿದೆವು. ನಾಜಲ್ ಸಿಂಪಡಿಸುವುದನ್ನು ಬಯಲಿನಲ್ಲಿ ನೋಡುವಾಗ ಬೆರಳು ಮುಂದೆ ಹಿಡಿಯಬಾರದು. ಆ ಒತ್ತಡದ ಡೀಸೆಲ್ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಕಂಡರೂ ಒಳಗೆ ಮಾಂಸ ಕೊಳೆಯುತ್ತದೆ. ಹೀಗಾದರೆ ಆ ಗಂಟೆಯಲ್ಲೇ ಆಸ್ಪತ್ರೆಗೆ ಹೋಗಬೇಕು.

ಡೀಸೆಲ್ ದಾರಿಯಲ್ಲಿ ಸಿಕ್ಕಿಕೊಂಡ ಏರ್ ತೆಗೆಯುವುದು ಟ್ಯಾಂಕಿನಿಂದ ಶುರುವಾಗಿ ಫಿಲ್ಟರ್, ಡೀಸೆಲ್ ಪಂಪ್, ಕೊನೆಗೆ ನಾಜಲ್ ಪೈಪಿನ ನಟ್, ಈ ಕ್ರಮದಲ್ಲಿಯೇ ಆಗಬೇಕು. ಗುಳ್ಳೆ ನಿಂತ ಮೇಲೆ ನಟ್ ಬಿಗಿದು, ಪಂಪಿನ ಕೈಲಿವರ್ ಒತ್ತಿದರೆ ನಾಜಲ್ 'ಕರ್‌ಕರ್' ಎನ್ನಬೇಕು. ಆ ಸದ್ದು ಕೇಳದೆ ಹ್ಯಾಂಡಲ್ ಮುಟ್ಟುವುದು ಮೈಕೈ ನೋವಿಗೆ ಆಹ್ವಾನ. ತಿರುಗಿಸಿದಾಗ ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಬರುತ್ತಿಲ್ಲ. ಬಿಳಿ ಹೊಗೆ ಬಂದರೆ ಡೀಸೆಲ್ ಬರುತ್ತಿದೆ, ಬಿಸಿ ಸಾಲುತ್ತಿಲ್ಲ. ಬಿಳಿ ಹೊಗೆ ನೋಡಿಯೂ ಹಟಕ್ಕೆ ಬಿದ್ದು ತಿರುಗಿಸುತ್ತಲೇ ಹೋದರೆ, ಉರಿಯದ ಡೀಸೆಲ್ ಲೈನರಿನ ಆಯಿಲನ್ನು ತೊಳೆದು ಇದ್ದ ಒತ್ತಡವನ್ನೂ ಕಳೆಯುತ್ತದೆ. ಕಾಕಾ ಅವರ ಮನೆಯ ನಾಲ್ಕು ಜನರ ಸರದಿ ಬೆವರಿನಿಂದ ಆಗುತ್ತಿದ್ದದ್ದು ಇದೇ.

ಹಡಗಿನವರ ಉಪಾಯಗಳು

ಯೌವನದಲ್ಲಿ ಮಲ್ಪೆಯ ದೋಣಿ ಎಂಜಿನ್ ಅಂಗಡಿಯೊಂದರಲ್ಲಿ ಕೆಲಸ ಕಲಿತವನು ನಾನು. ಅಲ್ಲಿ ಹಡಗುಗಳಲ್ಲಿ ದುಡಿದು ಬಂದವರ ಮಾತು ಕೇಳುತ್ತಿದ್ದೆ. ದೊಡ್ಡ ಹಡಗಿನ ಎಂಜಿನ್ನನ್ನು ಯಾವ ಸೆಲ್ಫ್ ಮೋಟಾರೂ ತಿರುಗಿಸಲಾರದು. 30 ಬಾರ್ ಒತ್ತಡದ ಗಾಳಿಯನ್ನು ಸಿಲಿಂಡರುಗಳಿಗೆ ಸರದಿಯಂತೆ ಬಿಟ್ಟು ಪಿಸ್ಟನ್ನುಗಳನ್ನೇ ತಳ್ಳಿಸುತ್ತಾರೆ. ಹಿಂದುಮುಂದು ಎರಡೂ ಕಡೆ ತಿರುಗುವ ಎಂಜಿನ್ನಿಗೆ ಮರಳಿ ತುಂಬದೆ ಹನ್ನೆರಡು ಸಲ, ಒಂದೇ ಕಡೆ ತಿರುಗುವುದಕ್ಕೆ ಆರು ಸಲ ಶುರುಮಾಡುವಷ್ಟು ಗಾಳಿ ಟ್ಯಾಂಕಿನಲ್ಲಿರಬೇಕು ಎಂಬುದು ಕಟ್ಟಳೆ. ಗಾಳಿಯೂ ಖಾಲಿ, ಜನರೇಟರೂ ಬಂದ್ ಆದರೆ? ಮೂಲೆಯಲ್ಲೊಂದು ಪುಟ್ಟ ಕಂಪ್ರೆಸರ್ ಇರುತ್ತದೆ, ಅದಕ್ಕೊಂದು ಕೈಯಿಂದ ಹೊಡೆಯುವ ಡೀಸೆಲ್ ಎಂಜಿನ್. ಅದು ಗಾಳಿ ತುಂಬಿ, ಗಾಳಿ ಜನರೇಟರನ್ನು ಎಬ್ಬಿಸಿ, ಜನರೇಟರ್ ಹಡಗನ್ನು ಎಬ್ಬಿಸುತ್ತದೆ. ಸಾವಿರಾರು ಟನ್ನಿನ ಹಡಗು ಒಬ್ಬ ಮನುಷ್ಯನ ಮೊಣಕೈಯಿಂದ ಶುರುವಾಗುತ್ತದೆ ಎಂಬುದು ಇಂದಿಗೂ ನನಗೆ ಬೆರಗು.

ಸಣ್ಣ ದೋಣಿಗಳಿಗೆ ಬೇರೆ ದಾರಿಗಳಿವೆ. ಬಿಗಿಯಾಗಿ ಸುತ್ತಿ ಬಿಡುವ ಸ್ಪ್ರಿಂಗ್ ಸ್ಟಾರ್ಟರ್, ಕೈಪಂಪಿನಿಂದ ಒತ್ತಡ ತುಂಬಿಸಿಡುವ ಹೈಡ್ರಾಲಿಕ್ ಸ್ಟಾರ್ಟರ್ ಎರಡಕ್ಕೂ ಬ್ಯಾಟರಿ ಬೇಡ. ಇನ್ನೂ ಹಳೆಯ ಹಾಟ್‌ಬಲ್ಬ್ ಎಂಜಿನ್ನುಗಳಲ್ಲಿ ಹೆಡ್ಡಿನ ಬುರುಡೆಯನ್ನು ಬ್ಲೋಲ್ಯಾಂಪಿನಿಂದ ಕಾಯಿಸಿ ಆಮೇಲೆ ಫ್ಲೈವೀಲ್ ತೂಗುತ್ತಿದ್ದರು. ಕೆಲವು ಎಂಜಿನ್ನುಗಳ ಹೆಡ್ಡಿನಲ್ಲಿ ಒಂದು ಸಣ್ಣ ಹಿಡಿಕೆ ಇರುತ್ತದೆ. ಪೆಟ್ಲುಪ್ಪಿನ ನೀರಿನಲ್ಲಿ ಅದ್ದಿ ಒಣಗಿಸಿದ ಕಾಗದದ ಸುರುಳಿಗೆ ಕೆಂಡ ಹಚ್ಚಿ, ಹಿಡಿಕೆಗೆ ಸಿಕ್ಕಿಸಿ ಒಳಗೆ ತಿರುಗಿಸುವುದು. ಒಳಗೆ ಕೆಂಡವಿದ್ದರೆ ಡೀಸೆಲ್ಲಿಗೆ ನೆಪ ಸಿಗುತ್ತದೆ.

ನಮಗೆ ಬೇಕಾದದ್ದು ಇವುಗಳಲ್ಲಿ ಅತಿ ಅಗ್ಗದ ಎರಡು. ಮೊದಲನೆಯದು ಒಂದು ಚಮಚ ಆಯಿಲ್. ತಣ್ಣಗಿನ ಎಂಜಿನ್ನಿನ ಇನ್‌ಲೆಟ್ ಬಳಿ ಆಯಿಲ್ ಹಾಕಿ, ಡೀಸೆಲ್ ಬಂದ್ ಇಟ್ಟು, ಡಿಕಂಪ್ರೆಷನ್ ಲಿವರ್ (ವಾಲ್ವನ್ನು ತುಸು ತೆರೆದಿಟ್ಟು ತಿರುಗಿಸುವುದನ್ನು ಹಗುರ ಮಾಡುವ ಹಿಡಿಕೆ) ಎತ್ತಿ ಒಂದೆರಡು ಸುತ್ತು ತಿರುಗಿಸಿದರೆ ಅದು ರಿಂಗಿನ ಸುತ್ತ ಹರಡಿ ಸಂದು ಮುಚ್ಚುತ್ತದೆ. ಜೊತೆಗೆ ಜಾಗವನ್ನೂ ತಿನ್ನುತ್ತದೆ: ಮೇಲಿನ 36 ಸಿಸಿಯಲ್ಲಿ ಐದು ಸಿಸಿ ಆಯಿಲ್ ಕೂತರೆ ಅನುಪಾತ 16.5ರಿಂದ 19ಕ್ಕೆ ಏರುತ್ತದೆ. ದಪ್ಪ ಪ್ಯಾಕಿಂಗ್ ಕಸಿದುಕೊಂಡದ್ದಕ್ಕಿಂತ ಹೆಚ್ಚನ್ನೇ ಒಂದು ಚಮಚ ಆಯಿಲ್ ಕೊಡುತ್ತದೆ. ಆದರೆ ಒಂದು ಚಮಚ ಎಂದರೆ ಒಂದು ಚಮಚ. 36 ಸಿಸಿ ಜಾಗಕ್ಕೆ ಅರ್ಧ ಲೋಟ ಸುರಿಯುವವರು ರಾಡ್ ಬಗ್ಗಿಸಿಕೊಳ್ಳುತ್ತಾರೆ.

ಎರಡನೆಯದು ಬಿಸಿ. ಒಳಬರುವ ಗಾಳಿಯನ್ನು 30 ಡಿಗ್ರಿ ಬಿಸಿಮಾಡಿದರೆ, ಒತ್ತಿದ ಮೇಲೆ ಪುಸ್ತಕದ ಲೆಕ್ಕದಲ್ಲಿ 90 ಡಿಗ್ರಿ ಹೆಚ್ಚುತ್ತದೆ; ಸೋರುವ ಎಂಜಿನ್ನಿನಲ್ಲಿಯೂ 60ಕ್ಕೆ ಕಡಿಮೆಯಾಗುವುದಿಲ್ಲ. ಕಡ್ಡಿಯ ತುದಿಗೆ ಡೀಸೆಲ್ ಬಟ್ಟೆ ಸುತ್ತಿ ಉರಿಸಿ, ಇನ್‌ಲೆಟ್ಟಿನಿಂದ ಒಂದು ಗೇಣು ದೂರ ಹಿಡಿದರೆ ಸಾಕು. ಬೆಂಕಿಯನ್ನೇ ಬಾಯಿಗೆ ತುರುಕಿದರೆ ಒಳಗೆ ಹೋಗುವುದು ಗಾಳಿಯಲ್ಲ, ಹೊಗೆ. ಇದಕ್ಕಿಂತ ಸುಲಭವಾದದ್ದು ಜಾಕೆಟ್ಟಿನ ನೀರು ಇಳಿಸಿ ಸ್ನಾನದ ಹಂಡೆಯ ಬಿಸಿನೀರು ತುಂಬುವುದು. ಲೈನರ್ ಬಿಸಿಯಾಗುತ್ತದೆ, ಆಯಿಲ್ ಸಡಿಲವಾಗುತ್ತದೆ. ಕುದಿಯುವ ನೀರನ್ನು ಒಮ್ಮೆಲೇ ಸುರಿಯದೆ ಬಿಸಿ ಏರಿಸುತ್ತ ಹೋಗಬೇಕು, ಎರಕದ ಕಬ್ಬಿಣ ಸೀಳಬಹುದು.

ಕಾಕಾ ಅವರ ಮಗ ಯಾವುದೋ ವಿಡಿಯೋ ನೋಡಿ ಈಥರ್ ಸ್ಪ್ರೇ ಡಬ್ಬಿ ತಂದಿದ್ದ. ಅದನ್ನು ಕಸಿದು ಜೀಪಿನಲ್ಲಿಟ್ಟೆ. ಈಥರ್ ಪಿಸ್ಟನ್ ಮೇಲೇರುವ ಮುನ್ನವೇ ಸಿಡಿಯುತ್ತದೆ. ಸೆಲ್ಫ್ ಇರುವ ಎಂಜಿನ್ನಿನಲ್ಲಿ ರಿಂಗು ಮುರಿದರೆ ಹಣ ಹೋಗುತ್ತದೆ. ಹ್ಯಾಂಡಲ್ ಹಿಡಿದವನಿಗೆ ಮಣಿಕಟ್ಟು ಹೋಗುತ್ತದೆ. ಪೆಟ್ರೋಲ್ ಬಟ್ಟೆಗೂ ಇದೇ ಮಾತು.

ಹ್ಯಾಂಡಲ್

ಸಂಪಿಗೆ ಮೊದಲು ಹಾಕುತ್ತಿದ್ದ ದಪ್ಪ 40 ನಂಬರಿನ ಆಯಿಲ್ ಬದಲು ಚಳಿಯಲ್ಲಿ ಅಷ್ಟು ದಪ್ಪವಾಗದ 20ಡಬ್ಲ್ಯೂ-40 ಹಾಕಿದೆ. ವಾಲ್ವ್ ಒತ್ತುವ ಟ್ಯಾಪೆಟ್ಟಿನ ಸಂದು ಸರಿಮಾಡಿದ ಮೇಲೆಯೇ ಡಿಕಂಪ್ರೆಷನ್ ಲಿವರನ್ನು ಹೊಂದಿಸಬೇಕು. ಲಿವರ್ ಎತ್ತಿದಾಗ ವಾಲ್ವ್ ಕೊಂಚ ಮಾತ್ರ ತೆರೆದಿರಬೇಕು. ಕಡಿಮೆಯಾದರೆ ತಿರುಗಿಸುವುದು ಭಾರ, ಹೆಚ್ಚಾದರೆ ಪಿಸ್ಟನ್ನಿಗೆ ತಾಗುತ್ತದೆ. ಇದರಲ್ಲಿ ಎರಡು ಸಿಲಿಂಡರಿಗೆ ಎರಡು ಲಿವರ್ ಇರುವುದು ದೊಡ್ಡ ಅನುಕೂಲ.

ಲಿವರ್ ಎತ್ತಿ ತಿರುಗಿಸುವಾಗ ನಾವು ಮಾಡುವುದು ಫ್ಲೈವೀಲಿನಲ್ಲಿ ಶಕ್ತಿ ಕೂಡಿಡುವುದು. ಆ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. ಮೊದಲ ಸುತ್ತಿನಲ್ಲಿಯೇ ದಮ್ಮು ಕಟ್ಟಿ ಎಳೆಯುವವನಿಗಿಂತ, ಹಗುರವಾಗಿ ಶುರುಮಾಡಿ ಕೊನೆಯ ಮೂರು ಸುತ್ತಿಗೆ ಬಲ ಹಾಕುವವನು ಗೆಲ್ಲುತ್ತಾನೆ. ಲಿವರ್ ಬಿದ್ದ ಮೇಲೆ ಪಿಸ್ಟನ್ನನ್ನು ಒತ್ತಡದ ಮೇಲೆ ದಾಟಿಸುವುದು ಕೈಯಲ್ಲ, ಫ್ಲೈವೀಲ್.

ಹ್ಯಾಂಡಲಿನ ಹಲ್ಲು ಸವೆದು ದುಂಡಗಾಗಿತ್ತು. ವೆಲ್ಡ್ ತುಂಬಿಸಿ ಅರದಿಂದ ಕಡೆದು, ಗ್ರೀಸ್ ಹಚ್ಚಿದೆ. ಎಂಜಿನ್ ಹೊತ್ತಿಕೊಂಡ ಕೂಡಲೇ ಹ್ಯಾಂಡಲ್ ತಾನಾಗಿ ಬಿಟ್ಟುಕೊಳ್ಳಬೇಕು. ಬಿಡದೆ ಅಲ್ಲಿಯೇ ಸುತ್ತತೊಡಗಿದರೆ ಹಿಡಿಯಲು ಹೋಗದೆ ದೂರ ಸರಿದು ಡೀಸೆಲ್ ಬಂದ್ ಮಾಡಬೇಕು. ಹೆಬ್ಬೆರಳು ಉಳಿದ ಬೆರಳುಗಳ ಪಕ್ಕದಲ್ಲಿಯೇ ಇರಬೇಕು, ಹಿಡಿಯ ಸುತ್ತ ಬಳಸಬಾರದು. ಎಂಜಿನ್ ಹಿಂದಕ್ಕೆ ಒದೆದರೆ ಕೈ ಬಿಚ್ಚಿಕೊಳ್ಳುತ್ತದೆ. ಬಲ ಹಾಕುವುದು ಕೆಳಗಿನಿಂದ ಮೇಲಕ್ಕೆ ಎಳೆಯುವಾಗ ಮಾತ್ರ.

ಜನವರಿಯ ಒಂದು ಬೆಳಿಗ್ಗೆ, ಬಿಸಿಲು ಬೀಳುವ ಮೊದಲೇ ನೋಡೋಣ ಎಂದು ಕಾಕಾ ಅವರೇ ಹಟ ಹಿಡಿದರು. ಬೇಕೆಂದೇ ಬಿಸಿನೀರು ಹಾಕಲಿಲ್ಲ, ಬಟ್ಟೆ ಉರಿಸಲಿಲ್ಲ. ತಲಾ ಒಂದು ಚಮಚ ಆಯಿಲ್ ಮಾತ್ರ. ಡೀಸೆಲ್ ತೆರೆದು, ಡೀಸೆಲ್ ಪಂಪಿನ ಹೆಚ್ಚುವರಿ ಡೀಸೆಲ್ ಗುಂಡಿ ಎಳೆದು, ನಾಜಲ್ ಸದ್ದು ಕೇಳಿ, ಮಗನಿಗೆ ಹ್ಯಾಂಡಲ್ ಕೊಟ್ಟೆ. ಲಿವರ್ ನನ್ನ ಕೈಯಲ್ಲಿತ್ತು. ವೇಗ ಬಂದಾಗ ಮುಂದಿನ ಸಿಲಿಂಡರಿನ ಲಿವರ್ ಬೀಳಿಸಿದೆ. ಎರಡು ಸಲ ಉಸಿರು ಕಟ್ಟಿದಂತೆ ಬಿಳಿ ಹೊಗೆ ಉಗುಳಿ ಮೂರನೆಯದಕ್ಕೆ ಹೊತ್ತಿಕೊಂಡಿತು. ಒಂದು ಸಿಲಿಂಡರಿನಲ್ಲಿ ತೂಗಾಡುತ್ತ ಓಡುತ್ತಿರುವಾಗಲೇ ಹಿಂದಿನ ಲಿವರ್ ಬೀಳಿಸಿದರೆ ಅದೂ ಸೇರಿಕೊಂಡಿತು. ಮೂವರಲ್ಲಿ ಯಾರೂ ಬೆವರಿರಲಿಲ್ಲ. "ಇಷ್ಟೇ ಆಗಿದ್ದರೆ ನಾನೂ ಹೊಡೆಯಬಹುದಲ್ಲ" ಎಂದು ಕಾಕಾ ಮರುದಿನ ತಾವೇ ಹೊಡೆದರಂತೆ. ಲಿವರ್ ಬೀಳಿಸಲು ಕಾಕಿಯನ್ನು ನಿಲ್ಲಿಸಿಕೊಂಡಿದ್ದರಂತೆ.

ಬಾಕಿ ಕೆಲಸ ಇದೆ. ಹಡಗಿನಲ್ಲಿ ತಂಪು ನೀರನ್ನು ಹೊಗೆಯೊಳಗೇ ಬಿಡುವ ಬಾಗುಕೊಳವೆಯೊಂದು ಇರುತ್ತದೆ. ಇದರದು ಒಳಗಿನಿಂದ ತುಕ್ಕು ತಿಂದಿದೆ. ಅದು ತೂತಾದರೆ ನೀರು ಹಿಂದಕ್ಕೆ ಸಿಲಿಂಡರಿಗೆ ಬರುತ್ತದೆ. ಅದನ್ನು ತೆಗೆದು, ತಂಪು ನೀರನ್ನು ಬೇರೆಯಾಗಿ ಕಾಲುವೆಗೆ ಬಿಟ್ಟು, ಒಣ ಹೊಗೆಕೊಳವೆಗೆ ಬಾಗಿಲು ಮುಚ್ಚಳ ಕೂರಿಸಬೇಕು. ಪಂಪಿನ ನೀರಿನಿಂದಲೇ ಜಾಕೆಟ್ಟಿಗೆ ಅರ್ಧ ಇಂಚಿನ ಪೈಪು ಎಳೆಯಬೇಕು. ಸೆಲ್ಫ್ ಕೂರಿಸಬೇಕಾದರೆ ಫ್ಲೈವೀಲಿಗೆ ಹಲ್ಲಿನ ಬಳೆ ತೊಡಿಸಬೇಕು, ಅದರ ದರ ವಿಚಾರಿಸಿ ಕಾಕಾ ಅವರಿಗೆ ಹೇಳಿದ್ದೇನೆ. ಭತ್ತದ ದುಡ್ಡು ಬರಲಿ ಎಂದಿದ್ದಾರೆ.